ಮಲ್ಪೆಯಲ್ಲಿ ಬೋಟಿನ ಸೆಟ್ಟು ರಿಪೇರಿ ಮಾಡಿದ ನಾಲ್ಕು ವರ್ಷ ದೊಡ್ಡ ಹಾರ್ಡ್‌ವೇರ್ ಕಂಪನಿಯಲ್ಲಿ ಅನುಭವ ಅಂತ ಲೆಕ್ಕಕ್ಕೆ ಬರ್ತದಾ?

ಬಂದರು ಬೆಂಚು (ಮಲ್ಪೆ) ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ. ಪೂರ್ತಿ ಹೇಳದೆ ಕೇಳಿದರೆ ಸರಿಯಾದ ಉತ್ತರ ಸಿಗಲಿಕ್ಕಿಲ್ಲ ಅಂತ ಎಲ್ಲ ಬರೀತಿದ್ದೇನೆ.

ನನಗೆ 26 ವರ್ಷ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಸೇರಿ 2021ರಲ್ಲಿ ಮುಗಿಸಿದೆ. ಆ ವರ್ಷ ನಮ್ಮ ಕಾಲೇಜಿಗೆ ಬಂದದ್ದೆಲ್ಲ ಸಾಫ್ಟ್‌ವೇರ್ ಕಂಪನಿಗಳೇ, ಅದೂ ಆನ್‌ಲೈನಿನಲ್ಲಿ. ನನಗೆ ಯಾವುದೂ ಆಗಲಿಲ್ಲ. ಅಪ್ಪನಿಗೆ ಮಲ್ಪೆ ಬಂದರಿನ ಹತ್ತಿರ ಸಣ್ಣ ಅಂಗಡಿ ಉಂಟು, ಬೋಟಿನ ಫಿಶ್ ಫೈಂಡರ್, ಜಿಪಿಎಸ್, ವೈರ್‌ಲೆಸ್ ಸೆಟ್ಟು ರಿಪೇರಿ. ಅದೇ ಸಮಯಕ್ಕೆ ಅಪ್ಪನ ಕಣ್ಣಿನ ಆಪರೇಶನ್ ಆಯ್ತು. ಸಣ್ಣ ಕಾಂಪೊನೆಂಟ್ ಅವರಿಗೆ ಕಾಣುವುದಿಲ್ಲ ಅಂತ ಎರಡು ತಿಂಗಳಿಗೆಂದು ಬೆಂಚಿನಲ್ಲಿ ಕೂತವಳು ನಾಲ್ಕು ವರ್ಷದಿಂದ ಅಲ್ಲೇ ಇದ್ದೇನೆ.

ಕೆಲಸ ಎಂತದ್ದು ಅಂತಲೂ ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಡದಲ್ಲಿ. ಆ 61 ದಿನ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಬರುವ ಸೆಟ್ಟುಗಳಲ್ಲಿ ಹೆಚ್ಚಿನವು ಉಪ್ಪುನೀರು ಹೊಕ್ಕಿದ್ದು. ತಾಮ್ರ ಹಸಿರು ಬಂದಿರ್ತದೆ, ಐಸಿ ಕಾಲುಗಳ ನಡುವೆ ಬಿಳಿ ಪುಡಿ. ಸರ್ಕ್ಯೂಟ್ ಡಯಾಗ್ರಾಮ್ ಸಿಗುವುದಿಲ್ಲ, ಟ್ರ್ಯಾಕ್ ಹಿಡಿದುಕೊಂಡು ಹೋಗಿ ನಾನೇ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಅಂಥ 31 ಮಾಡೆಲ್‌ಗಳ ಚಿತ್ರ ನನ್ನ ಹತ್ತಿರ ಉಂಟು. ಸಪ್ಲೈ ಲೈನು ಶಾರ್ಟ್ ಆಗಿದ್ದರೆ ಕರೆಂಟ್ ಮಿತಿ ಇಟ್ಟು ಪವರ್ ಕೊಟ್ಟು, ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಮೊದಲು ಎಲ್ಲಿ ಒಣಗ್ತದೆ ನೋಡುವುದು. ಅಲ್ಲಿ ಬಿಸಿ ಉಂಟು, ಹೆಚ್ಚಾಗಿ ಅಲ್ಲಿಯದ್ದೇ ಕೆಪಾಸಿಟರ್ ಹೋಗಿರ್ತದೆ. ನೀರಿಗೆ ಶಬ್ದದ ಅಲೆ ಕಳಿಸುವ ಟ್ರಾನ್ಸ್‌ಡ್ಯೂಸರಿಗೆ 50 ಮತ್ತು 200 ಕಿಲೊಹರ್ಟ್ಜ್ ಡ್ರೈವ್ ಸರಿ ಹೋಗ್ತದಾ ಅಂತ ಸ್ಕೋಪಿನಲ್ಲಿ (ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪು) ನೋಡುವುದು. ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದ ಎರಡು ಚಾನೆಲ್‌ನ ಡಿಜಿಟಲ್ ಸ್ಕೋಪು ಉಂಟು, ಹಾಟ್ ಏರ್ ಉಂಟು.

ನನಗೆ ಬೆಂಗಳೂರಿನ ದೊಡ್ಡ ಹಾರ್ಡ್‌ವೇರ್ ಕಂಪನಿಯಲ್ಲಿ, ಚಿಪ್ಪೋ ಬೋರ್ಡೋ ಮಾಡುವ ಕಡೆ, ಕೆಲಸ ಬೇಕು. ಸಂಬಳ ಬೇಡ ಅಂತ ಹೇಳುವುದಿಲ್ಲ, ಮನೆಗೆ ಬೇಕು. ಆದರೆ ಅದಕ್ಕಿಂತ ಹೆಚ್ಚು, ಒಂದೇ ತಪ್ಪು ಇರುವ ಬೋರ್ಡನ್ನು ನೂರು ಸಲ ಬಿಚ್ಚಿದ ಮೇಲೆ, ಈ ತಪ್ಪು ಮೊದಲೇ ಹಿಡಿಯಬಹುದಿತ್ತಲ್ಲ, ಹಿಡಿಯುವ ಜಾಗದಲ್ಲಿ ನಾನು ಇರಬೇಕು ಅಂತ ಆಸೆ.

ಏಳು ತಿಂಗಳಲ್ಲಿ 63 ಅರ್ಜಿ ಹಾಕಿದೆ. ಒಂದು ಫೋನ್ ಬಂತು. ಫೋನ್ ಮಾಡಿದ ಹುಡುಗಿ "ಈಗ ಯಾವ ಕಂಪನಿ?" ಕೇಳಿದರು, ಅಪ್ಪನ ಅಂಗಡಿ ಅಂದೆ. "ಓ, ರಿಪೇರಿ ಶಾಪಾ? ಪ್ರೊಫೈಲ್ ಮ್ಯಾಚ್ ಆಗುವುದಿಲ್ಲ" ಅಂತ ಇಟ್ಟರು. ನಾಲ್ಕು ನಿಮಿಷ. ಆ ದಿನ ಮಧ್ಯಾಹ್ನ ಬೆಂಚಿನಲ್ಲಿ ಕೂತು ಎಂತ ಮಾಡಲಿಕ್ಕೂ ಆಗಲಿಲ್ಲ.

ನನ್ನ ರೆಸ್ಯೂಮೆಯಲ್ಲಿ ಹೀಗೆ ಉಂಟು: "ಸರ್ವಿಸ್ ಎಂಜಿನಿಯರ್, 2021ರಿಂದ. ಮೆರೈನ್ ಎಲೆಕ್ಟ್ರಾನಿಕ್ ಉಪಕರಣಗಳ ರಿಪೇರಿ, ಗ್ರಾಹಕ ಸೇವೆ, ಸ್ಪೇರ್ ಪಾರ್ಟ್ಸ್ ನಿರ್ವಹಣೆ."

ಈ ನಾಲ್ಕು ವರ್ಷ ಲೆಕ್ಕಕ್ಕೆ ಬರ್ತದಾ, ಅಥವಾ ನಾನು ಫ್ರೆಶರ್ ಅಂತಲೇ ಹಾಕಬೇಕಾ? ಅಪ್ಪ ಕೈಯಲ್ಲೇ ದುಡ್ಡು ಕೊಡುವುದು, ಪೇಸ್ಲಿಪ್ ಇಲ್ಲ, ಅದಕ್ಕೆ ಎಂತ ಮಾಡುವುದು? ಬೆಂಗಳೂರಿನ ಒಂದು ಟ್ರೇನಿಂಗ್ ಸಂಸ್ಥೆಯವರು ಆರು ತಿಂಗಳ ವಿಎಲ್‌ಎಸ್‌ಐ (ಚಿಪ್ ವಿನ್ಯಾಸ) ಕೋರ್ಸಿಗೆ ಒಂದೂವರೆ ಲಕ್ಷ, ಕೆಲಸ ಗ್ಯಾರಂಟಿ ಅಂತ ಹೇಳ್ತಿದ್ದಾರೆ. ಅಮ್ಮ ಚಿನ್ನ ಇಡುವ ಅಂತ ಹೇಳಿದ್ದಾರೆ. ಸೇರಬೇಕಾ?

ಮುಕ್ಕದವಳು (ಈಗ ಮಾರತಹಳ್ಳಿ)

ನನ್ನ ತಂಗಿಯ ಪ್ರಾಯ ನಿನ್ನದು, ನೀನು ಅಂತಲೇ ಬರೀತೇನೆ. ನಾನು ಹದಿನಾರು ವರ್ಷದಿಂದ ಬೆಂಗಳೂರಿನ ಹಾರ್ಡ್‌ವೇರ್ ಲ್ಯಾಬುಗಳಲ್ಲಿ ಇದ್ದೇನೆ, ಬೋರ್ಡ್ ಬ್ರಿಂಗ್-ಅಪ್ (ಹೊಸ ಬೋರ್ಡಿಗೆ ಮೊದಲ ಸಲ ಪವರ್ ಕೊಟ್ಟು ಎಬ್ಬಿಸುವುದು) ಮತ್ತು ಸಿಲಿಕಾನ್ ವ್ಯಾಲಿಡೇಶನ್ (ತಯಾರಾಗಿ ಬಂದ ಚಿಪ್ಪು ಸರಿ ಓಡ್ತದಾ ಅಂತ ಅಳೆದು ನೋಡುವುದು). ಇಂಟರ್‌ವ್ಯೂ ತೆಗೆದುಕೊಳ್ಳಲಿಕ್ಕೆ ಕೂತು ಏಳು ವರ್ಷ ಆಯ್ತು.

ಮೊದಲ ಮಾತು, ಚಿನ್ನ ಇಡಬೇಡ. ಅಮ್ಮನಿಗೆ ಇವತ್ತೇ ಹೇಳು. ಕೆಲಸದ ಗ್ಯಾರಂಟಿ ಕೊಡಲಿಕ್ಕೆ ಟ್ರೇನಿಂಗ್ ಸಂಸ್ಥೆಯ ಕೈಯಲ್ಲಿ ಕೆಲಸ ಇಲ್ಲ, ಕೆಲಸ ಇರುವುದು ಕಂಪನಿಯ ಹತ್ತಿರ. ಆ ಕೋರ್ಸು ಕಲಿಸುವುದು ಹೆಚ್ಚಾಗಿ ವೆರಿಲಾಗ್, ಸಿಸ್ಟಮ್ ವೆರಿಲಾಗ್, ಯುವಿಎಂ, ಅಂದರೆ ಚಿಪ್ಪಿನ ವಿನ್ಯಾಸವನ್ನು ಕೋಡಿನಲ್ಲಿ ಬರೆದು ಪರೀಕ್ಷಿಸುವುದು. ಅದು ಚಿಪ್ಪು ಹುಟ್ಟುವ ಮೊದಲಿನ ಕೆಲಸ. ನಿನಗೆ ಅದರಲ್ಲಿ ಮನಸ್ಸು ಉಂಟಾ ಅಂತ ನೋಡಲಿಕ್ಕೆ ಒಂದು ಪೈಸೆ ಬೇಡ. ಆ ಕೋಡು ಓಡಿಸಿ ನೋಡುವ ಐಕಾರಸ್ ವೆರಿಲಾಗ್, ಜಿಟಿಕೆವೇವ್ ಎರಡೂ ಉಚಿತ, ನಿನ್ನ ಹಳೆ ಲ್ಯಾಪ್‌ಟಾಪಿನಲ್ಲೂ ಓಡ್ತವೆ. ಒಂದು ಕೌಂಟರು, ಒಂದು ಯುಎಆರ್‌ಟಿ (ಡೇಟಾವನ್ನು ಒಂದೊಂದೇ ಬಿಟ್ ಆಗಿ ಕಳಿಸುವ ಸರ್ಕ್ಯೂಟು) ಬರೆದು ನೋಡು. ಖುಷಿ ಆದರೆ ಮುಂದೆ ಮಾತಾಡುವ. ಆದರೆ ನೀನು ಬರೆದದ್ದು ಓದಿದರೆ ನಿನ್ನ ಮನಸ್ಸು ಇರುವುದು ಚಿಪ್ಪು ಹುಟ್ಟಿದ ನಂತರದ ಬದಿಯಲ್ಲಿ ಅಂತ ನನಗೆ ಅನಿಸ್ತದೆ.

ಆ ಬದಿಯಲ್ಲಿ ಇರುವ ಕೆಲಸಗಳ ಹೆಸರು ಮೊದಲು ಸರಿಯಾಗಿ ತಿಳಿದುಕೋ. ನೀನು 63 ಕಡೆ ಹಾಕಿದ್ದು ಬಹುಶಃ "ಹಾರ್ಡ್‌ವೇರ್ ಎಂಜಿನಿಯರ್" ಅಂತ ಹುಡುಕಿ. ಆ ಹೆಸರಿನಲ್ಲಿ ಏನೇನೋ ಬರ್ತದೆ. ಹುಡುಕಬೇಕಾದ್ದು: ಪೋಸ್ಟ್-ಸಿಲಿಕಾನ್ ವ್ಯಾಲಿಡೇಶನ್, ಸಿಸ್ಟಮ್ ವ್ಯಾಲಿಡೇಶನ್, ಎಲೆಕ್ಟ್ರಿಕಲ್ ವ್ಯಾಲಿಡೇಶನ್, ಬೋರ್ಡ್ ಬ್ರಿಂಗ್-ಅಪ್, ರಿಲಯಬಿಲಿಟಿ, ಫೇಲ್ಯೂರ್ ಅನಾಲಿಸಿಸ್, ಟೆಸ್ಟ್ ಎಂಜಿನಿಯರ್, ಲ್ಯಾಬ್ ಎಂಜಿನಿಯರ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಿಂದ ಬೆಂಗಳೂರಲ್ಲಿ ಉಂಟು, ಇಂಟೆಲ್, ಕ್ವಾಲ್‌ಕಾಮ್, ಎನ್‌ವಿಡಿಯಾ ಇದ್ದಾರೆ, ಎಎಂಡಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಇಲ್ಲೇ ತೆರೆಯಿತು. ಚಿಪ್ ಮಾಡುವ ಯಂತ್ರಗಳನ್ನೇ ಮಾಡುವ ಅಪ್ಲೈಡ್ ಮೆಟೀರಿಯಲ್ಸ್, ಲ್ಯಾಮ್ ರಿಸರ್ಚ್ ಕೂಡ ಇದ್ದಾರೆ. ಹೆಚ್ಚಿನವರು ಇವರನ್ನು ಮರೆತುಬಿಡ್ತಾರೆ. ಅವರ ಯಂತ್ರದಲ್ಲೂ ನೂರಾರು ಬೋರ್ಡು ಇರ್ತದೆ.

ಈಗ ನಿನ್ನ ಮೊದಲ ಪ್ರಶ್ನೆ. ರಿಲಯಬಿಲಿಟಿ ಲ್ಯಾಬಿನಲ್ಲಿ ನಾವು ಎಂತ ಮಾಡುವುದು ಗೊತ್ತುಂಟಾ? ಚಿಪ್ಪನ್ನು 85 ಡಿಗ್ರಿ ಉಷ್ಣತೆ, 85 ಶೇಕಡಾ ತೇವದಲ್ಲಿ, ವೋಲ್ಟೇಜ್ ಕೊಟ್ಟು 1000 ಗಂಟೆ ಇಡುವುದು. ಹೊರಗೆ ಬಳಸುವ ಉಪಕರಣ ಆದರೆ 35 ಡಿಗ್ರಿಯಲ್ಲಿ 5 ಶೇಕಡಾ ಉಪ್ಪುನೀರಿನ ಮಂಜು ಹೊಡೆಯುವುದು. ಆಮೇಲೆ ಹೊರಗೆ ತೆಗೆದು ಎಲ್ಲಿ ತುಕ್ಕು ಹಿಡಿಯಿತು, ಯಾವ ಎರಡು ಕಾಲಿನ ನಡುವೆ ಕರೆಂಟು ಸೋರ್ತದೆ ಅಂತ ನೋಡುವುದು. ಆ ಬಿಳಿ ಪುಡಿ, ಹಸಿರು ಅಂತ ಬರೆದೆಯಲ್ಲ, ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಕಾದು ನಾವು ನೋಡುವುದು ಅದನ್ನೇ. ನಿನ್ನ ಬೆಂಚಿಗೆ ಅದು ವರ್ಷಕ್ಕೆ ನೂರಾರು ಬರ್ತದೆ, ನಿಜವಾದ ಕಡಲಿನಿಂದ. ಲೆಕ್ಕಕ್ಕೆ ಬರ್ತದಾ ಅಂತ ಕೇಳ್ತೀಯಲ್ಲ!

ಆದರೆ ನಿನ್ನ ರೆಸ್ಯೂಮೆಯಲ್ಲಿ ಅದರ ಒಂದು ಅಕ್ಷರ ಇಲ್ಲ. "ರಿಪೇರಿ, ಗ್ರಾಹಕ ಸೇವೆ, ಸ್ಪೇರ್ ಪಾರ್ಟ್ಸ್." ಆ ಫೋನ್ ಮಾಡಿದ ಹುಡುಗಿಗೆ ಸರ್ಕ್ಯೂಟ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವಳ ಮುಂದೆ ಒಂದು ಪಟ್ಟಿ ಉಂಟು: ಆಸಿಲೋಸ್ಕೋಪ್, ಡಿಬಗ್, ರೂಟ್ ಕಾಸ್, ಐ-ಟು-ಸಿ, ಪವರ್ ರೈಲ್, ಪೈಥಾನ್. ಅವಳು ಅದನ್ನು ನಿನ್ನ ಕಾಗದದಲ್ಲಿ ಹುಡುಕಿದಳು, ಸಿಗಲಿಲ್ಲ. ಅಳೆದದ್ದು ಎಂತ, ಯಾವುದರಲ್ಲಿ ಅಳೆದದ್ದು, ಎಷ್ಟು ಬಂತು, ಕಾರಣ ಎಂತ, ನೀನು ಮಾಡಿದ ನಂತರ ಎಷ್ಟು ಆಯ್ತು, ಇಷ್ಟನ್ನು ಬರಿ. ಮಾಡದ್ದನ್ನು ಒಂದು ಗೆರೆ ಕೂಡ ಬರೆಯಬೇಡ. ರೆಸ್ಯೂಮೆಯ ಒಂದು ಗೆರೆ ಹಿಡಿದು ನಾವು ಅರ್ಧ ಗಂಟೆ ಕೇಳ್ತೇವೆ.

ಇಂಟರ್‌ವ್ಯೂ ಹೇಗಿರ್ತದೆ ಅಂತ ಒಂದು ಉದಾಹರಣೆ ಕೊಡ್ತೇನೆ. ಇಂಥ ಪ್ರಶ್ನೆ ನಾನು ತುಂಬ ಜನರಿಗೆ ಕೇಳಿದ್ದೇನೆ. ಒಂದು ಬೋರ್ಡಿನಲ್ಲಿ 3.3 ವೋಲ್ಟಿನ ಐ-ಟು-ಸಿ ಬಸ್ (ಚಿಪ್ಪುಗಳು ಎರಡು ಲೈನಿನಲ್ಲಿ ಡೇಟಾ ಕಳಿಸಿಕೊಳ್ಳುವ ದಾರಿ) ಉಂಟು. 100 ಕಿಲೊಹರ್ಟ್ಜಿನಲ್ಲಿ ಸರಿ ಓಡ್ತದೆ, 400ಕ್ಕೆ ಏರಿಸಿದರೆ ತಪ್ಪು ಡೇಟಾ. ಎಂತ ಮಾಡ್ತೀರಿ?

"ಸೆನ್ಸರ್ ಐಸಿ ಬದಲಿಸ್ತೇನೆ" ಅಂತ ಹೇಳುವವರು ಇದ್ದಾರೆ. "ಫರ್ಮ್‌ವೇರ್‌ನವರನ್ನು ಕೇಳ್ತೇನೆ" ಅಂತಲೂ. ನನಗೆ ಕೇಳಬೇಕಾದ ಮಾತು: "ಎರಡು ಲೈನಿಗೂ ಸ್ಕೋಪ್ ಹಾಕಿ ಏರುವ ಅಂಚು ನೋಡ್ತೇನೆ." ಯಾಕೆಂದರೆ ಆ ಬಸ್ಸಿನಲ್ಲಿ ಚಿಪ್ಪು ಲೈನನ್ನು ಕೆಳಗೆ ಮಾತ್ರ ಎಳೀತದೆ, ಮೇಲೆ ಎತ್ತುವುದು ಪುಲ್-ಅಪ್ ರೆಸಿಸ್ಟರು. ಲೈನಿನ ಕೆಪಾಸಿಟೆನ್ಸ್ 100 ಪಿಕೊಫ್ಯಾರಡ್, ರೆಸಿಸ್ಟರು 10 ಕಿಲೊಓಮ್ ಅಂತ ಇಟ್ಟುಕೋ. ಏರುವ ಸಮಯ 0.8473 ಗುಣಿಸು ಆರ್ ಗುಣಿಸು ಸಿ, ಅಂದರೆ ಸುಮಾರು 847 ನ್ಯಾನೊಸೆಕೆಂಡ್. 100 ಕಿಲೊಹರ್ಟ್ಜಿಗೆ 1000 ನ್ಯಾನೊಸೆಕೆಂಡ್‌ವರೆಗೆ ಅವಕಾಶ ಉಂಟು, ಹಾಗಾಗಿ ಪಾಸು. 400ಕ್ಕೆ 300 ಮಾತ್ರ. ರೆಸಿಸ್ಟರು ಸುಮಾರು ಮೂರೂವರೆ ಕಿಲೊಓಮಿಗಿಂತ ಕಡಿಮೆ ಬೇಕು. ಹಾಗಾದರೆ 100 ಓಮ್ ಹಾಕಬಹುದಾ ಅಂತ ನಾನು ಮುಂದೆ ಕೇಳ್ತೇನೆ. ಆಗುವುದಿಲ್ಲ. ಚಿಪ್ಪು 3 ಮಿಲಿಆಂಪಿಯರ್ ಎಳೆದುಕೊಂಡು ಲೈನನ್ನು 0.4 ವೋಲ್ಟಿನಲ್ಲಿ ಇಡ್ತದೆ ಅಂತ ಮಾತ್ರ ನಿಯಮ ಭರವಸೆ ಕೊಡುವುದು. 3.3ರಿಂದ 0.4 ಕಳೆದು 3 ಮಿಲಿಆಂಪಿಯರಿನಿಂದ ಭಾಗಿಸಿದರೆ 970 ಓಮ್ ಹತ್ತಿರ. ಅದಕ್ಕಿಂತ ಕೆಳಗೆ ಹೋಗಬಾರದು. 2.2 ಕಿಲೊಓಮ್ ಹಾಕಿದರೆ 186 ನ್ಯಾನೊಸೆಕೆಂಡ್, ಎರಡೂ ಕಡೆ ಜಾಗ ಉಂಟು.

ಸೂತ್ರ ನೆನಪಿಲ್ಲದಿದ್ದರೆ ಕೊಡ್ತೇವೆ, ಅದರಲ್ಲಿ ಮಾರ್ಕು ಕಡಿಮೆ ಆಗುವುದಿಲ್ಲ. ಸ್ಕೋಪ್ ಎಲ್ಲಿ ಹಾಕಬೇಕು ಅಂತ ಹೊಳೆಯುವುದನ್ನು ಮಾತ್ರ ಯಾರೂ ಕೊಡಲಿಕ್ಕೆ ಆಗುವುದಿಲ್ಲ. ನಿನಗೆ ಅದು ಉಂಟು ಅಂತ ನಿನ್ನ ಆಲ್ಕೊಹಾಲಿನ ಮಾತಿನಲ್ಲೇ ಗೊತ್ತಾಯ್ತು.

ಇನ್ನೊಂದು ಕೇಳುವುದು ಉಂಟು. "ಪವರ್ ಸಪ್ಲೈಯ ರಿಪಲ್ (ವೋಲ್ಟೇಜಿನ ಸಣ್ಣ ಏರಿಳಿತ) ಎಷ್ಟು ಬಂತು?" ಅಂತಲ್ಲ, "ಹೇಗೆ ಅಳೆದಿರಿ?" ಅಂತ. ಪ್ರೋಬಿನ ಉದ್ದದ ಗ್ರೌಂಡ್ ಕ್ಲಿಪ್ ಹಾಕಿ ಅಳೆದರೆ ಆ ವೈರಿನ ಕುಣಿಕೆ ಸುತ್ತಲಿನ ಸ್ವಿಚಿಂಗ್ ಗಲಾಟೆಯನ್ನೆಲ್ಲ ಹಿಡೀತದೆ. ಪ್ರೋಬಿನ ಟೋಪಿ ತೆಗೆದು, ತುದಿಗೆ ಸಣ್ಣ ಸ್ಪ್ರಿಂಗ್ ಗ್ರೌಂಡ್ ಹಾಕಿ, ಔಟ್‌ಪುಟ್ ಕೆಪಾಸಿಟರಿನ ಎರಡು ತುದಿಗೇ ಮುಟ್ಟಿಸಿ, ಸ್ಕೋಪಿನಲ್ಲಿ 20 ಮೆಗಾಹರ್ಟ್ಜ್ ಮಿತಿ ಹಾಕಿ ಅಳೆಯಬೇಕು. ಇದನ್ನು ನಿನ್ನ ಬೆಂಚಿನಲ್ಲಿ ಇವತ್ತೇ ಎರಡೂ ರೀತಿ ಮಾಡಿ ನೋಡು.

ನಿನ್ನಲ್ಲಿ ಇಲ್ಲದ್ದನ್ನೂ ಹೇಳ್ತೇನೆ. ಪೈಥಾನ್ ಬೇಕೇ ಬೇಕು. ಲ್ಯಾಬಿನಲ್ಲಿ ಒಂದೇ ಅಳತೆಯನ್ನು ಸಾವಿರ ಸಲ, ಬೇರೆ ಬೇರೆ ವೋಲ್ಟೇಜಿನಲ್ಲಿ, ಬೇರೆ ಬೇರೆ ಉಷ್ಣತೆಯಲ್ಲಿ ಮಾಡ್ಲಿಕ್ಕೆ ಉಂಟು, ಕೈಯಲ್ಲಿ ಆಗುವುದಿಲ್ಲ. ನಿನ್ನ ಸ್ಕೋಪಿಗೆ ಯುಎಸ್‌ಬಿ ಇದ್ದರೆ ಪೈವೀಸಾ (ಅಳತೆಯ ಉಪಕರಣವನ್ನು ಪೈಥಾನಿನಿಂದ ನಡೆಸುವ ಲೈಬ್ರರಿ) ಹಾಕಿ ಕಂಪ್ಯೂಟರಿನಿಂದ ಮಾತಾಡಿಸು. ಮತ್ತೆ, ಬೋರ್ಡು ಬಿಡಿಸುವ ಸಾಫ್ಟ್‌ವೇರ್ ಕೈಕ್ಯಾಡ್‌ನಲ್ಲಿ ಒಂದು ಸಣ್ಣ ಬೋರ್ಡು ನೀನೇ ಬಿಡಿಸಿ, ಮಾಡಿಸಿ, ಪವರ್ ಕೊಟ್ಟು ಎಬ್ಬಿಸು. ಇಷ್ಟು ದಿನ ಬೇರೆಯವರ ಬೋರ್ಡಿನ ತಪ್ಪು ಹುಡುಕಿದ್ದೀಯ, ನಿನ್ನದೇ ತಪ್ಪು ಹುಡುಕುವುದು ಬೇರೆ ಅನುಭವ.

ಅರ್ಜಿಯ ವಿಷಯ: ಕಂಪನಿಯ ಸ್ವಂತ ಕೆರಿಯರ್ಸ್ ಪುಟದಲ್ಲೇ ಹಾಕು. ಆ ಪುಟದ ಜಾಬ್ ಐಡಿ ತೆಗೆದುಕೊಂಡು ಒಳಗಿನವರಿಂದ ರೆಫರಲ್ ಕೇಳು. "ಏನಾದರೂ ಇದ್ದರೆ ನೋಡಿ" ಅಂತ ಕೇಳಿದರೆ ನಮಗೂ ಎಂತ ಮಾಡಲಿಕ್ಕೆ ಆಗುವುದಿಲ್ಲ, ಐಡಿ ಇದ್ದರೆ ಎರಡು ನಿಮಿಷದ ಕೆಲಸ. ರೆಫರಲ್ ಇದ್ದರೆ ಕಾಗದ ಓದ್ತಾರೆ, ಅಷ್ಟೇ, ಕೆಲಸ ಕೊಡುವುದಿಲ್ಲ. ನಿನಗೆ ಈಗ ಬೇಕಾದ್ದು ಓದುವವರೇ.

ಲೆಕ್ಕಪತ್ರ (ಕೊಡಿಯಾಲ್‌ಬೈಲ್)

ಪೇಸ್ಲಿಪ್ ವಿಷಯಕ್ಕೆ ಮಾತ್ರ ಉತ್ತರ. ಮಂಗಳೂರಿನಲ್ಲಿ ಟ್ಯಾಕ್ಸ್ ಕೆಲಸ ಮಾಡ್ತೇನೆ, ಇಂಥ ಕೇಸು ಬರ್ತಾ ಇರ್ತದೆ.

ಆಫರ್ ಆದ ಮೇಲೆ ಕಂಪನಿ ಹೊರಗಿನ ಏಜೆನ್ಸಿಯಿಂದ ಹಿನ್ನೆಲೆ ಪರಿಶೀಲನೆ ಮಾಡಿಸ್ತದೆ. ಅವರು ನೋಡುವುದು, ನೀವು ಹೇಳಿದ ಜಾಗ ಇತ್ತಾ, ಹೇಳಿದ ಅವಧಿಗೆ ನೀವು ಅಲ್ಲಿ ಇದ್ದಿರಾ. ಮನೆಯವರ ಅಂಗಡಿ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹಳೆ ತಾರೀಕು ಹಾಕಿ ನೇಮಕಾತಿ ಪತ್ರ, ಪೇಸ್ಲಿಪ್ ಮಾಡಿಸಬೇಡಿ, ಎಷ್ಟೇ ಜನ ಹೇಳಲಿ. ಸಿಕ್ಕಿಬಿದ್ದರೆ ಸೇರಿದ ನಂತರವೂ ತೆಗೀತಾರೆ.

ಅಂಗಡಿಗೆ ನಗರಸಭೆಯ ಉದ್ದಿಮೆ ಪರವಾನಿಗೆ ಇರಬೇಕು, ಪ್ರತಿ ವರ್ಷದ್ದು ಹುಡುಕಿ ಇಡಿ. ಜಿಎಸ್‌ಟಿ ಇಲ್ಲದಿದ್ದರೆ ಹೆದರುವುದು ಬೇಡ, ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷದ ವಹಿವಾಟಿನವರೆಗೆ ನೋಂದಣಿ ಕಡ್ಡಾಯ ಇಲ್ಲ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳದ್ದು) ಮಾಡಿಸದಿದ್ದರೆ ಸರ್ಕಾರಿ ಪೋರ್ಟಲಿನಲ್ಲಿ ಅಪ್ಪನ ಆಧಾರ್ ಹಾಕಿ ಮಾಡಿಸಿ, ಅದು ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಬರುವ ತಿಂಗಳಿನಿಂದ ಅಪ್ಪ ನಿಮ್ಮ ಸಂಬಳವನ್ನು ಬ್ಯಾಂಕಿಗೇ ಹಾಕಲಿ. ಈ ವರ್ಷದ ಆದಾಯ ತೆರಿಗೆ ರಿಟರ್ನ್ಸ್ ನಿಮ್ಮ ಹೆಸರಿನಲ್ಲಿ ಫೈಲ್ ಮಾಡಿ, ತೆರಿಗೆ ಬಾರದಿದ್ದರೂ. ಹಿಂದಿನ ವರ್ಷಗಳಿಗೆ ನಿಮ್ಮ ಕೈಬರಹದ ಬಿಲ್ ಪುಸ್ತಕಗಳೇ ಸಾಕ್ಷಿ. ಎಸೆಯಬೇಡಿ, ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿ ಇಡಿ.

ಆಫರ್ ಲೆಟರ್ ಕಳಿಸಿ, ಲ್ಯಾಪ್‌ಟಾಪ್ ಡಿಪಾಸಿಟ್ಟು, ಟ್ರೇನಿಂಗ್ ಫೀಸು ಅಂತ ದುಡ್ಡು ಕೇಳಿದರೆ ಅದು ಮೋಸ. ದೊಡ್ಡ ಕಂಪನಿ ಕೆಲಸ ಕೊಡಲಿಕ್ಕೆ ದುಡ್ಡು ಕೇಳುವುದಿಲ್ಲ. ನನ್ನ ಹತ್ತಿರ ಬಂದ ಒಬ್ಬ ಹುಡುಗನ 38 ಸಾವಿರ ಹೀಗೇ ಹೋಯ್ತು. ಅವನ ಅಪ್ಪ ಹೋಟೆಲಿನಲ್ಲಿ ದುಡಿದದ್ದು.

ಕಾರ್ಕಳ ಮೇಷ್ಟ್ರು

ಮುಕ್ಕದವರು ಹೇಳಿದ್ದರಲ್ಲಿ ತಾಂತ್ರಿಕವಾಗಿ ತಪ್ಪು ಇಲ್ಲ. ಆದರೆ ದಾರಿಯ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಇಪ್ಪತ್ತು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದ ಅನುಭವದಿಂದ ಹೇಳುವುದು, ಈ ಹುಡುಗಿ ಗೇಟ್ (ಎಂ.ಟೆಕ್. ಪ್ರವೇಶದ ಪರೀಕ್ಷೆ) ಬರೆಯಬೇಕು.

ಪರೀಕ್ಷೆ ಫೆಬ್ರವರಿಯಲ್ಲಿ, ಅಂಕ ಮೂರು ವರ್ಷ ಊರ್ಜಿತ. ಒಳ್ಳೆಯ ಅಂಕ ಬಂದರೆ ಎನ್‌ಐಟಿಕೆಯಂಥ ಕಡೆ ಎಂ.ಟೆಕ್., ಸುರತ್ಕಲ್ ಅಂದರೆ ಮಲ್ಪೆಯಿಂದ ಮನೆಯಂಗಳ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ಸ್ಟೈಪೆಂಡ್ ಉಂಟು. ಎರಡನೇ ವರ್ಷದಲ್ಲಿ ದೊಡ್ಡ ಚಿಪ್ ಕಂಪನಿಗಳು ಇಂಟರ್ನ್ ಆಗಿ ಕರೆದುಕೊಳ್ಳುತ್ತವೆ, ಅಲ್ಲಿ ಚೆನ್ನಾಗಿ ಮಾಡಿದವರನ್ನು ಇಟ್ಟುಕೊಳ್ಳುತ್ತವೆ. ಆಗ ರೆಸ್ಯೂಮೆಯಲ್ಲಿ ಅಂಗಡಿಯ ಹೆಸರು ನೋಡಿ ಯಾರೂ ಫೋನ್ ಇಡುವುದಿಲ್ಲ. ಲ್ಯಾಬ್ ಕೆಲಸಕ್ಕೆ ಕಾಂಟ್ರಾಕ್ಟಿನಲ್ಲಿ ಸೇರಿ ಆರು ವರ್ಷ ಅದೇ ಹುದ್ದೆಯಲ್ಲಿ ಉಳಿದ ನನ್ನ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಆ ಮಕ್ಕಳಿಗೆ ಬುದ್ಧಿ ಕಡಿಮೆ ಇರಲಿಲ್ಲ. ಅದು ನನಗೆ ಈಗಲೂ ನೋವು.

ಮುಕ್ಕದವಳು

ಮೇಷ್ಟ್ರೇ, ನಿಮ್ಮ ಮಾತು ಸರಿ. ಎಂ.ಟೆಕ್. ಇಂಟರ್ನ್‌ಶಿಪ್ಪಿನಷ್ಟು ಅಗಲವಾದ ಬಾಗಿಲು ಬೇರೆ ಇಲ್ಲ. ನಮ್ಮ ಟೀಮಿಗೆ ಬಂದವರಲ್ಲಿ ಅರ್ಧ ಜನ ಹಾಗೇ ಬಂದದ್ದು. ನನ್ನ ಚಿಂತೆ ಒಂದೇ: ತಯಾರಿಗೆ ಒಂದು ವರ್ಷ, ಓದಲಿಕ್ಕೆ ಎರಡು ವರ್ಷ, ಅಷ್ಟು ದಿನ ಅಪ್ಪನ ಬೆಂಚಿನಲ್ಲಿ ಯಾರು ಕೂರುವುದು? ಅದನ್ನು ನಾವಿಬ್ಬರೂ ನಿರ್ಧರಿಸುವ ಹಾಗಿಲ್ಲ. ಅರ್ಜಿ ಹಾಕ್ತಾ ಹಾಕ್ತಾ ಗೇಟಿಗೂ ಓದಬಹುದು, ನೆಟ್‌ವರ್ಕ್ ಥಿಯರಿ, ಅನಲಾಗ್ ಎರಡಕ್ಕೂ ಒಂದೇ.

ಕೋಟೇಶ್ವರ

ಹ್ವಾಯ್, ಕಾಂಟ್ರಾಕ್ಟ್ ಅಂದ ಕೂಡಲೇ ಹೆದರಿಸಬೇಡಿ ಮೇಷ್ಟ್ರೇ. ನಾನು ಡಿಪ್ಲೊಮಾ ಮಾಡಿ ಮೂರನೇ ಪಾರ್ಟಿ ಪೇರೋಲಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದವ. ಒಂದು ವರ್ಷ ಹತ್ತು ತಿಂಗಳಿಗೆ ಕಂಪನಿಯವರೇ ತೆಗೆದುಕೊಂಡರು. ನನ್ನ ಜೊತೆ ಸೇರಿದ ಐದು ಜನರಲ್ಲಿ ಇಬ್ಬರಿಗೆ ಆಯ್ತು, ಮೂವರಿಗೆ ಆಗಲಿಲ್ಲ, ಅದೂ ಹೇಳಬೇಕು. ಸೇರುವ ಮೊದಲು ಕೇಳಬೇಕಾದ್ದು: ಈ ಟೀಮಿನಲ್ಲಿ ಹಿಂದೆ ಯಾರಾದರೂ ಕಾಂಟ್ರಾಕ್ಟಿನಿಂದ ಪರ್ಮನೆಂಟ್ ಆಗಿದ್ದಾರಾ? ಮ್ಯಾನೇಜರ್ ಹೆಸರು ಹಿಡಿದು ಹೇಳಿದರೆ ಸೇರಿ. "ಚಾನ್ಸ್ ಉಂಟು" ಅಂತ ಮಾತ್ರ ಹೇಳಿದರೆ ಯೋಚನೆ ಮಾಡಿ.

ಮತ್ತೆ ಜುಲೈಯಲ್ಲಿ ಇಂಟರ್‌ವ್ಯೂ ಕರೆದರೆ ಹಿಂದಿನ ದಿನವೇ ಬೆಂಗಳೂರಲ್ಲಿ ಇರಿ. ಪಂಚಗಂಗಾ ರೈಲಿಗೆ ರಾತ್ರಿ ಉಡುಪಿಯಲ್ಲಿ ಹತ್ತಿದರೆ ಬೆಳಿಗ್ಗೆ ಯಶವಂತಪುರ, ಆದರೆ ಮಳೆಗೆ ಘಾಟಿಯಲ್ಲಿ ಗುಡ್ಡ ಜರಿದರೆ ರೈಲೂ ಇಲ್ಲ, ಶಿರಾಡಿ ರಸ್ತೆಯೂ ಇಲ್ಲ. ನನಗೆ ಒಂದು ಹಾಗೇ ತಪ್ಪಿ ಹೋಗಿದೆ.

ಬಂದರು ಬೆಂಚು (ಮಲ್ಪೆ), ಹನ್ನೆರಡು ದಿನ ಬಿಟ್ಟು

ಎಲ್ಲರಿಗೂ ತುಂಬ ಉಪಕಾರ ಆಯ್ತು. ಅಮ್ಮನ ಚಿನ್ನ ಕಪಾಟಿನಲ್ಲೇ ಉಂಟು. ಬಿಲ್ ಪುಸ್ತಕ ಒಂಬತ್ತು ಸಿಕ್ಕಿತು, ಒಂದು ಗೆದ್ದಲು ತಿಂದಿದೆ. ಪರವಾನಿಗೆ ಎಲ್ಲ ವರ್ಷದ್ದೂ ಉಂಟು. ಮೇಷ್ಟ್ರೇ, ಗೇಟಿನ ವಿಷಯ ಅಪ್ಪನ ಹತ್ತಿರ ಮಾತಾಡಿದೆ. ನೀನು ಹೋಗುವುದಾದರೆ ಹುಡುಗನೊಬ್ಬನನ್ನು ಇಟ್ಟು ಕಲಿಸುವ ಅಂದರು. ಎರಡೂ ಒಟ್ಟಿಗೆ ನೋಡ್ತೇನೆ.

ಅಕ್ಕ, ರೆಸ್ಯೂಮೆ ಹೀಗೆ ಬರೆದೆ. ತಪ್ಪಿದ್ದರೆ ಹೇಳಿ.

"ಉಪ್ಪುನೀರಿನಿಂದ ಕೆಟ್ಟ ಮೆರೈನ್ ಎಲೆಕ್ಟ್ರಾನಿಕ್ ಬೋರ್ಡುಗಳ ಫೇಲ್ಯೂರ್ ಅನಾಲಿಸಿಸ್, ವರ್ಷಕ್ಕೆ ಸುಮಾರು 400. ಸ್ಕೆಮ್ಯಾಟಿಕ್ ಇಲ್ಲದ 31 ಮಾಡೆಲ್‌ಗಳ ಪವರ್ ಮತ್ತು ಡ್ರೈವ್ ಸರ್ಕ್ಯೂಟನ್ನು ಬೋರ್ಡಿನಿಂದ ಬಿಡಿಸಿದ್ದು. ಕರೆಂಟ್ ಮಿತಿ ಮತ್ತು ಬಿಸಿಯ ಜಾಗ ನೋಡಿ ರೈಲ್ ಶಾರ್ಟ್ ಹುಡುಕುವುದು. ಒಂದು ಮಾಡೆಲ್‌ನಲ್ಲಿ ಮತ್ತೆ ಮತ್ತೆ ಬರುತ್ತಿದ್ದ ದೋಷಕ್ಕೆ ಕಾರಣ ಕನೆಕ್ಟರಿನ ಬದಿಯಲ್ಲಿ ಕೋಟಿಂಗ್ ಇಲ್ಲದ್ದು ಅಂತ ಕಂಡು, ಕೋಟಿಂಗ್ ಹಾಕಿದ 22 ಸೆಟ್ಟುಗಳಲ್ಲಿ ಮುಂದಿನ ಸೀಸನಿಗೆ 2 ಮಾತ್ರ ಪುನಃ ಬಂದವು."

ಇದನ್ನು ಬರೆಯಲಿಕ್ಕೆ ಮೂರು ರಾತ್ರಿ ಬೇಕಾಯ್ತು. ಬಿಲ್ ಪುಸ್ತಕ ನೋಡಿ ಎಣಿಸಿದ್ದು, ಅಂದಾಜಿನ ಸಂಖ್ಯೆ ಅಲ್ಲ. ಎಣಿಸುವವರೆಗೆ ಆ 22 ಮತ್ತು 2 ನನಗೂ ಗೊತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳಲಿಕ್ಕೆ ಉಂಟು. ನೀವು ಹೇಳಿದ ಹಾಗೆ ರಿಪಲ್ ಎರಡೂ ರೀತಿ ಅಳೆದೆ. ಸ್ಪ್ರಿಂಗ್ ಇರಲಿಲ್ಲ, ಸಿಂಗಲ್ ಸ್ಟ್ರಾಂಡ್ ವೈರು ಸುಲಿದು ಪ್ರೋಬಿನ ಕೊರಳಿಗೆ ಸುತ್ತಿದೆ. 12ರಿಂದ 5 ವೋಲ್ಟ್ ಮಾಡುವ ಕನ್ವರ್ಟರು. ಉದ್ದದ ಕ್ಲಿಪ್ಪಿನಲ್ಲಿ 180 ಮಿಲಿವೋಲ್ಟ್. ಸುತ್ತಿದ ವೈರಿನಲ್ಲಿ, ಅದೇ ಬೋರ್ಡು, ಅದೇ ಕೆಪಾಸಿಟರು, 40. ನಾನು ಸ್ವಲ್ಪ ಹೊತ್ತು ಅದನ್ನೇ ನೋಡಿಕೊಂಡು ಕೂತೆ. ಯಾಕೆಂದರೆ ಕಳೆದ ಜೂನಿನಲ್ಲಿ ರಿಪಲ್ ಜಾಸ್ತಿ ಉಂಟು ಅಂತ ಮೂರು ಸೆಟ್ಟಿನ ಕೆಪಾಸಿಟರು ಬದಲಿಸಿ ದುಡ್ಡು ತೆಗೆದುಕೊಂಡಿದ್ದೇನೆ. ಅವು ಕೆಟ್ಟೇ ಇರಲಿಲ್ಲವೋ ಏನೋ. ಅದರಲ್ಲಿ ಎರಡು ಪುನಃ ಬಂದಿದ್ದವು, ಆಗ ಕನೆಕ್ಟರ್ ಬದಲಿಸಿದ ಮೇಲೆ ಸರಿ ಆಯ್ತು. ಮೂರೂ ಬೋಟಿನವರು ಗೊತ್ತಿದ್ದವರೇ. ಅಪ್ಪನಿಗೆ ಹೇಳಿದೆ. ಬದಲಿಸಿದ ಕೆಪಾಸಿಟರಿನ ದುಡ್ಡು ವಾಪಸು ಕೊಡು ಅಂದರು. ನಿನ್ನೆ ಇಬ್ಬರಿಗೆ ಕೊಟ್ಟೆ, ಒಬ್ಬರ ಬೋಟು ಕಡಲಲ್ಲಿ ಉಂಟು.

ಮುಕ್ಕದವಳು

ರೆಸ್ಯೂಮೆಯಲ್ಲಿ ಒಂದೇ ತಿದ್ದುಪಡಿ. "ವರ್ಷಕ್ಕೆ ಸುಮಾರು 400" ಅಂತ ಉಂಟಲ್ಲ, ಬಿಲ್ ಎಣಿಸಿದ ಮೇಲೆ ಸುಮಾರು ಯಾಕೆ? ನಿಜವಾದ ಸಂಖ್ಯೆ ಹಾಕು. ಕೋಟಿಂಗಿನ ಗೆರೆ ಎಲ್ಲಕ್ಕಿಂತ ಮೇಲೆ ಬರಲಿ. ಆ ಒಂದು ಗೆರೆ ಇದ್ದರೆ ನಾನು ಇಂಟರ್‌ವ್ಯೂಗೆ ಕರೀತೇನೆ. ಉಳಿದ 20 ಸೆಟ್ಟು ವಾಪಸು ಬಾರದ್ದು ಕೋಟಿಂಗಿನಿಂದಲೇ ಅಂತ ಹೇಗೆ ಗೊತ್ತು, ಬೇರೆ ಅಂಗಡಿಗೆ ಹೋಗಿರಬಹುದಲ್ಲ ಅಂತ ಕೇಳ್ತೇನೆ. ಉತ್ತರ ಯೋಚಿಸಿಕೋ. ಆ ಬೋಟಿನವರಿಗೆ ಒಂದೊಂದು ಫೋನ್ ಮಾಡಿ ಕೇಳಿದರೆ ಸಾಕು, ಅದೇ ಉತ್ತರ.

180 ಮತ್ತು 40, ಆ ಎರಡು ಸ್ಕೋಪ್ ಚಿತ್ರ ತೆಗೆದು ಇಟ್ಟುಕೊಂಡಿದ್ದೀಯಾ? ಇಲ್ಲದಿದ್ದರೆ ಪುನಃ ಅಳೆದು ತೆಗೆ. ಅಳತೆ ತಪ್ಪಿ ಒಳ್ಳೆಯ ಬಿಡಿಭಾಗ ಬದಲಿಸಿದ ಕಥೆಯನ್ನು ನೀನಾಗಿ ಇಂಟರ್‌ವ್ಯೂನಲ್ಲಿ ಹೇಳು, ಮುಚ್ಚಿಡಬೇಡ. ಅಭ್ಯರ್ಥಿ ತಾನಾಗಿ ಹೀಗೆ ಹೇಳಿದ್ದು ಏಳು ವರ್ಷದಲ್ಲಿ ನಾನು ಎರಡು ಸಲ ಕೇಳಿದ್ದೇನೆ, ಇಬ್ಬರನ್ನೂ ತೆಗೆದುಕೊಂಡೆವು.

ಮೆಸೇಜಿನಲ್ಲಿ ನಂಬರು ಕಳಿಸಿದ್ದೇನೆ. ಭಾನುವಾರ ಸಂಜೆ ಐದಕ್ಕೆ ಫೋನ್ ಮಾಡು, ಒಂದು ಗಂಟೆ ನಿಜವಾದ ಇಂಟರ್‌ವ್ಯೂ ಹಾಗೆಯೇ ಕೇಳ್ತೇನೆ. ಕಾಗದ, ಪೆನ್ನು, ಆ 31 ಮಾಡೆಲ್ಲಿನ ಪುಸ್ತಕ ಹತ್ತಿರ ಇರಲಿ. ಕನ್ನಡದಲ್ಲೇ ಶುರು ಮಾಡುವ, ಆಮೇಲೆ ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ.